ಗೋಡೆಯ ಮೇಲಿನ ಮೀಟರು ಮತ್ತು ಅಮ್ಮನ ಒಪ್ಪಿಗೆ

ಮಾನ್ಯ ಮೀಟರ್ ವಿಭಾಗದ ಮೇಲಧಿಕಾರಿಗಳೇ,

ನಿಮ್ಮ ಇಲಾಖೆ ನಮ್ಮ ಮನೆಯ ಗೋಡೆಗೆ ಬಡಿದು ಹೋದ ತಂತಿಯಿಲ್ಲದೆ ಲೆಕ್ಕ ಕಳಿಸುವ ಸ್ಮಾರ್ಟ್ ವಿದ್ಯುತ್ ಮೀಟರು ನನ್ನ ಸೋದರಮಾವನ ಕೊನೆಯ ಮಾತನ್ನು ನುಂಗಿ ಕೂತಿದೆ. ಆ ಮಾತಿಗೆ ನನ್ನ ಅಮ್ಮ ‘ಒಪ್ಪಿಗೆ’ ಎಂದು ಉತ್ತರ ಕೊಟ್ಟಿದ್ದಾಳೆ. ತಾನು ಒಪ್ಪಿದ್ದು ಏನನ್ನು ಎಂಬುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಹೇಳಬೇಕಾದವನು ತೀರಿಕೊಂಡಿದ್ದಾನೆ. ಇದು ನನ್ನ ದೂರು. ನಿಮ್ಮ ದೂರಿನ ಪುಟದಲ್ಲಿ ‘ಬಿಲ್ ಹೆಚ್ಚು ಬಂದಿದೆ’, ‘ಮೀಟರ್ ಓಡುತ್ತಿಲ್ಲ’, ‘ಇತರೆ’ ಎಂಬ ಆಯ್ಕೆಗಳು ಮಾತ್ರ ಇವೆ. ‘ಇತರೆ’ಯನ್ನು ಒತ್ತಿ ಒತ್ತಿ ಬೆರಳು ಸೋತ ಮೇಲೆ, ಊರವರೆಲ್ಲ ಓದಲಿ ಎಂದು ಇಲ್ಲಿ, ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಮ್ಮನ ಪರಿಚಯ ಮಾಡಿಕೊಡುತ್ತೇನೆ, ಏಕೆಂದರೆ ನಿಮಗೆ ಅವಳು ಬರೀ ಒಂದು ಗ್ರಾಹಕ ಸಂಖ್ಯೆ. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಯಾರ್‍ಯಾರದೋ ಮಾತನ್ನು ಯಾರ್‍ಯಾರಿಗೋ ಮುಟ್ಟಿಸುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡಳು. ಅವಳ ಅಣ್ಣ, ಅಂದರೆ ನನ್ನ ಮಾವ, ಜಲಾಶಯದ ಆಚೆ ದಡದಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡಿಕೊಂಡು ತಗಡಿನ ಶೆಡ್ಡಿನಲ್ಲಿ ಒಬ್ಬನೇ ಇದ್ದ. ಇಬ್ಬರಿಗೂ ಚಿಕ್ಕಂದಿನಿಂದ ರೇಡಿಯೋ ಹುಚ್ಚು. ಕೇಳುವ ರೇಡಿಯೋ ಅಲ್ಲ, ಮಾತಾಡುವ ರೇಡಿಯೋ. ಪರೀಕ್ಷೆ ಬರೆದು ಲೈಸೆನ್ಸು ಪಡೆದು, ಅವನು ಶೆಡ್ಡಿನ ಮೇಲೊಂದು ಕಂಬ, ಇವಳು ನಮ್ಮ ತಾರಸಿಯ ಮೇಲೊಂದು ಕಂಬ ನಿಲ್ಲಿಸಿಕೊಂಡು, ಪ್ರತಿ ಸಂಜೆ ದೀಪ ಹಾಕುವ ಹೊತ್ತಿಗೆ ತಪ್ಪದೆ ಮಾತಾಡುತ್ತಿದ್ದರು.

‘ಫೋನ್ ಇಟ್ಕೊಂಡು ಯಾಕ್ರೀ ಈ ಹಳೇ ಡಬ್ಬ?’ ಎಂದು ನಿಮ್ಮ ಸಹಾಯಕರೊಬ್ಬರು ನಮ್ಮ ಮುಖಕ್ಕೇ ಕೇಳಿದರು. ಫೋನೂ ಇದೆ ಸ್ವಾಮಿ. ಆದರೆ ಫೋನಿನಲ್ಲಿ ಅಣ್ಣ ತಂಗಿ ಒಟ್ಟೊಟ್ಟಿಗೆ ಬಾಯಿ ತೆಗೆಯುತ್ತಿದ್ದರು, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುತ್ತಿರಲಿಲ್ಲ, ಕೊನೆಗೆ ಇಬ್ಬರೂ ರಪ್ಪೆಂದು ಫೋನ್ ಇಟ್ಟು ವಾರಗಟ್ಟಲೆ ಮುಖ ಊದಿಸಿಕೊಂಡಿರುತ್ತಿದ್ದರು. ರೇಡಿಯೋದಲ್ಲಿ ಆ ಆಟ ನಡೆಯುವುದಿಲ್ಲ. ಒಬ್ಬರು ಗುಂಡಿ ಒತ್ತಿಕೊಂಡು ಮಾತಾಡುವಾಗ ಇನ್ನೊಬ್ಬರು ಬಾಯಿ ಮುಚ್ಚಿಕೊಂಡು ಕೇಳಲೇಬೇಕು. ‘ನಮ್ಮಿಬ್ಬರ ಸಂಬಂಧ ಉಳಿದಿರೋದೇ ಈ ಗುಂಡಿಯಿಂದ ಕಣೇ’ ಎಂದು ಮಾವನೇ ಹೇಳುತ್ತಿದ್ದ. ಮಾತು ಅಂಥ ಘನವಾದದ್ದೇನಲ್ಲ. ಅವನ ಮೊಣಕಾಲು, ಇವಳ ರಕ್ತದೊತ್ತಡ, ನೀರಿನ ಮಟ್ಟ, ಯಾರೋ ಎಂಜಿನ್ನಿಗೆ ತಪ್ಪು ಎಣ್ಣೆ ಸುರಿದುಕೊಂಡು ಬಂದದ್ದು, ಎಂದೋ ಹೋದ ನನ್ನ ಅಜ್ಜಿ ಯಾರನ್ನು ಹೆಚ್ಚು ಮುದ್ದು ಮಾಡುತ್ತಿದ್ದಳು ಎಂಬ ಮುಗಿಯದ ತಕರಾರು. ಅಡುಗೆಮನೆಯಲ್ಲಿ ಇದನ್ನು ಕೇಳಿಸಿಕೊಳ್ಳುತ್ತಲೇ ನಾನು ಬೆಳೆದೆ.

ಆಮೇಲೆ ನಿಮ್ಮ ಮೀಟರು ಬಂತು. ಬೂದು ಬಣ್ಣದ ಡಬ್ಬಿ, ಹೊಟ್ಟೆಯಲ್ಲೊಂದು ಹಸಿರು ದೀಪ. ರೇಡಿಯೋ ಇರುವ ಕೋಣೆಯ ಗೋಡೆಗೇ, ಆಚೆ ಬದಿಯಿಂದ ಬಿಗಿದರು. ‘ಇನ್ಮೇಲೆ ನಾವ್ಯಾರೂ ಮನೆಮನೆಗೆ ಬರಲ್ಲ ಮೇಡಂ. ಎಷ್ಟು ಕರೆಂಟ್ ಉರಿಸಿದ್ರಿ ಅಂತ ಇದೇ ಗಾಳಿಯಲ್ಲಿ ಕೂಗಿ ಹೇಳತ್ತೆ’ ಎಂದ ಬಿಗಿಯುವವನು, ತಾನೇ ಹೆತ್ತ ಕೂಸಿನ ಬಗ್ಗೆ ಹೇಳುವಂತೆ. ಪಾಪ, ಅವನು ಸುಳ್ಳಾಡಲಿಲ್ಲ. ಅದು ಕೂಗಿತು. ಆ ಸಂಜೆಯಿಂದಲೇ ಮಾವನ ದನಿಯ ಮೇಲೆ ಕರ್‍ರ್ ಎಂದು, ತಗಡನ್ನು ಉಗುರಿನಿಂದ ಗೀರಿದ ಹಾಗೆ, ನಿಂತು ನಿಂತು ಒಂದು ಸದ್ದು. ಅವನು ಬಾಯಿ ತೆಗೆದರೆ ಇದೂ ತೆಗೆಯುತ್ತಿತ್ತು. ಗುಂಡಿ ಬಿಡುವ ಸೌಜನ್ಯ ಮಾತ್ರ ಇದಕ್ಕೆ ಇರಲಿಲ್ಲ.

ದೂರು ಕೊಟ್ಟೆವು. ನಿಮ್ಮವರೊಬ್ಬರು ಬಂದು ಮೀಟರಿಗೆ ಕಿವಿ ಹಚ್ಚಿ ‘ಏನೂ ಸದ್ದೇ ಇಲ್ವಲ್ಲ?’ ಎಂದರು. ಮೀಟರಿಗಲ್ಲ, ರೇಡಿಯೋಗೆ ಕಿವಿ ಕೊಡಿ ಎಂದೆ. ‘ರೇಡಿಯೋ ನಮ್ಮ ಇಲಾಖೆಗೆ ಬರಲ್ಲ’ ಎಂದರು. ರೇಡಿಯೋ ಇಲಾಖೆಗೆ ಹೋದರೆ ‘ಮೀಟರು ನಮಗೆ ಬರಲ್ಲ’ ಎಂದರು. ಸದ್ದು ಹುಟ್ಟುವುದು ಒಬ್ಬರ ಮನೆಯಲ್ಲಿ, ಕೇಳಿಸುವುದು ಇನ್ನೊಬ್ಬರ ಮನೆಯಲ್ಲಿ, ನಡುವೆ ಗೋಡೆ ಮಾತ್ರ ನಮ್ಮದು. ಹೀಗೆ ಅಲೆದು ಅಲೆದು ಚಪ್ಪಲಿ ಸವೆದ ಮೇಲೆ ನಿಮ್ಮ ಕೌಂಟರಿನ ಹೆಂಗಸು ಕನಿಕರಪಟ್ಟು, ‘ಸಾಕ್ಷಿ ಬೇಕಮ್ಮ. ಸದ್ದನ್ನ ರೆಕಾರ್ಡ್ ಮಾಡ್ಕೊಂಡು ಬನ್ನಿ. ನಕಲು ನಡೆಯಲ್ಲ, ಮೂಲವೇ ಕೊಡಬೇಕು’ ಎಂದಳು. ಸರಿ, ಒಂದು ಪುಟ್ಟ ರೆಕಾರ್ಡರ್ ತಂದು ರೇಡಿಯೋ ಪಕ್ಕದಲ್ಲಿಟ್ಟೆವು. ಮೊದಲ ಸಂಜೆಯೇ ಸಾಕ್ಷಿ ಸಿಕ್ಕಿತು.

ಮುಂದಿನದು ಅರ್ಥವಾಗಬೇಕಾದರೆ ರೇಡಿಯೋದವರ ಒಂದು ರೂಢಿಯನ್ನು ನೀವು ತಿಳಿದಿರಬೇಕು. ಆಚೆಯವರ ದನಿ ಎಷ್ಟು ತಿಳಿಯಾಗಿದೆ ಎಂಬುದಕ್ಕೆ ಅವರು ಐದರೊಳಗೆ ಒಂದು ಅಂಕ, ಎಷ್ಟು ಬಲವಾಗಿದೆ ಎಂಬುದಕ್ಕೆ ಒಂಬತ್ತರೊಳಗೆ ಒಂದು ಅಂಕ ಕೊಡುತ್ತಾರೆ. ನ್ಯಾಯವಾಗಿ ಕೇಳಿಸಿದಷ್ಟೇ ಕೊಡಬೇಕು. ಕೊಡುವುದು ಮಾತ್ರ ಯಾವಾಗಲೂ ಐದು-ಒಂಬತ್ತೇ. ‘ಚೆನ್ನಾಗಿದ್ದೀರಾ’ ಎಂದು ಯಾರಾದರೂ ಕೇಳಿದರೆ ಹಲ್ಲುನೋವಿನಲ್ಲೂ ‘ಚೆನ್ನಾಗಿದ್ದೀನಿ’ ಎನ್ನುವುದಿಲ್ಲವೇ, ಹಾಗೆ. ಅರ್ಧ ಕೇಳಿಸಲಿ, ಕಾಲುಭಾಗ ಕೇಳಿಸಲಿ, ‘ಐದು-ಒಂಬತ್ತು, ಪೂರ್ತಿ ಸಿಕ್ತು’ ಎನ್ನುತ್ತಾರೆ. ಅಷ್ಟು ದೂರದಿಂದ ಮಾತಾಡಿದವನ ಮನಸ್ಸು ನೋಯಬಾರದು ನೋಡಿ.

ಆ ಸಂಜೆ ಮಾವ ಎಂದಿಗಿಂತ ಮೆಲ್ಲಗೆ ಮಾತಾಡಿದ, ಎಂದಿಗಿಂತ ಹೆಚ್ಚು ಹೊತ್ತು ಮಾತಾಡಿದ. ಮೊಣಕಾಲಿನ ಸುದ್ದಿ ಇಲ್ಲ, ತಮಾಷೆ ಇಲ್ಲ. ಅಮ್ಮ ಮುಂದಕ್ಕೆ ಬಾಗಿ ಕಿವಿಯ ಹಿಂದೆ ಅಂಗೈ ಒಡ್ಡಿಕೊಂಡಳು. ಅವನ ದನಿಯಲ್ಲಿ ಏನೋ ಇತ್ತು, ನಾನೂ ಪಾತ್ರೆ ತೊಳೆಯುವುದನ್ನು ಬಿಟ್ಟು ಬಾಗಿಲಿಗೆ ಬಂದು ನಿಂತೆ. ಕರ್‍ರ್ ಕರ್‍ರ್ ನಡುವೆ ‘ಅವಳಿಗೆ’ ಎಂದದ್ದು ಕೇಳಿಸಿತು. ಆಮೇಲೆ ಬಹಳ ಹೊತ್ತಿಗೆ ‘ಕೀಲಿ’. ಆಮೇಲೆ ‘ನೀನು ಮಾತ್ರ’. ಉಳಿದದ್ದೆಲ್ಲ ನಿಮ್ಮ ಮೀಟರಿನ ಪಾಲಾಯಿತು. ಕೊನೆಗೆ, ಅದು ಉಸಿರೆಳೆದುಕೊಳ್ಳಲು ನಿಂತ ಒಂದು ಸಂದಿನಲ್ಲಿ, ಪಕ್ಕದ ಕೋಣೆಯಿಂದ ಕೇಳಿದಷ್ಟು ತಿಳಿಯಾಗಿ, ‘ಒಪ್ಪಿಗೆನಾ?’

ಅಮ್ಮ ಗುಂಡಿ ಒತ್ತಿದಳು. ‘ಐದು-ಒಂಬತ್ತು ಅಣ್ಣ, ಪೂರ್ತಿ ಸಿಕ್ತು. ಒಪ್ಪಿಗೆ.’

ಆಚೆಯಿಂದ ಒಂದು ನಿಟ್ಟುಸಿರು. ‘ಸದ್ಯ. ಎದೆ ಮೇಲಿನ ಭಾರ ಇಳೀತು ಕಣೇ. ಇಡ್ತೀನಿ.’

‘ಏನಂತೆ ಅಮ್ಮ?’ ಎಂದೆ.

‘ಗೊತ್ತಾಗ್ಲಿಲ್ಲ. ಪಾಪ, ಅಷ್ಟು ಹೊತ್ತು ಮಾತಾಡಿದ್ದಾನೆ, ಮತ್ತೆ ಮೊದಲಿಂದ ಹೇಳು ಅಂತ ಹೇಗೆ ಹೇಳ್ಲಿ? ನಾಳೆ ಮೆತ್ತಗೆ ಕೇಳಿದ್ರಾಯ್ತು ಬಿಡು.’

ಬೆಳಿಗ್ಗೆ ರೆಕಾರ್ಡರನ್ನು ಒಮ್ಮೆ ಹಾಕಿ ನೋಡಿದೆವು. ಹಿಂದಿನ ಸಂಜೆ ಕೇಳಿಸಿದ್ದಷ್ಟೇ ಕೇಳಿಸಿತು. ‘ಒಳ್ಳೇ ಸಾಕ್ಷಿನೇ ಸಿಕ್ತು’ ಎಂದು ಅಮ್ಮ ನಕ್ಕಳು. ಇಬ್ಬರೂ ಹೋಗಿ ಅದನ್ನು ನಿಮ್ಮ ಕೌಂಟರಿಗೆ ಒಪ್ಪಿಸಿ ಬಂದೆವು. ಒಂದು ನಕಲು ಇಟ್ಟುಕೊಳ್ಳಬಾರದಿತ್ತೇ ಎಂದು ಈಗ ಎಲ್ಲರೂ ಕೇಳುತ್ತಾರೆ. ಬದುಕಿರುವ ಅಣ್ಣನ ಮಾತಿಗೆ ಯಾರಾದರೂ ನಕಲು ಇಟ್ಟುಕೊಳ್ಳುತ್ತಾರೆಯೇ?

ಆ ಸಂಜೆ ಅಮ್ಮ ರೇಡಿಯೋ ಹಾಕಿದಾಗ ಮೀಟರು ಒಂದೇ ಕೂಗುತ್ತಿತ್ತು. ‘ಎಲ್ಲೋ ದೋಣಿ ರಿಪೇರಿಗೆ ಹೋಗಿರ್ಬೇಕು’ ಎಂದಳು. ಮರುದಿನ ದೋಣಿಯವನೊಬ್ಬ ಶೆಡ್ಡಿನ ಬಾಗಿಲು ಬಡಿದು, ಉತ್ತರ ಬಾರದೆ ಒಳಗೆ ಹೋಗಿ ನೋಡಿದನಂತೆ. ಮಾವ ರೇಡಿಯೋ ಮುಂದಿನ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದ. ಹೃದಯ ಎಂದರು ವೈದ್ಯರು. ಕಪಾಟಿನಲ್ಲಿ ಔಷಧಿಯ ಡಬ್ಬಿಗಳು ಸಾಲಾಗಿದ್ದವು. ಅವನಿಗೆ ಬಹಳ ದಿನದಿಂದ ಗೊತ್ತಿತ್ತು, ನಮಗೆ ಯಾರಿಗೂ ಹೇಳಿರಲಿಲ್ಲ. ಅಥವಾ ಹೇಳಿದ್ದನೋ ಏನೋ, ನಿಮ್ಮ ಮೀಟರಿಗೆ ಗೊತ್ತು.

ಮಾನ್ಯರೇ, ನಿಮ್ಮ ಕಚೇರಿಯಲ್ಲಿ ಒಪ್ಪಿಕೊಂಡದ್ದನ್ನು ಮರೆತುಬಿಡುವ ಸೌಕರ್ಯ ಇರಬಹುದು. ಅಮ್ಮನ ಜಾಯಮಾನ ಅಂಥದ್ದಲ್ಲ. ಒಪ್ಪಿಗೆ ಎಂದ ಮೇಲೆ ಮಾಡಿಯೇ ತೀರಬೇಕು. ಆದರೆ ಏನನ್ನು? ಸಂಸ್ಕಾರ ಮಾಡಿ ಅವನನ್ನು ಕಳಿಸಿಕೊಡುವ ಹೊತ್ತಿನಲ್ಲೇ ಶುರುವಾಯಿತು. ‘ನೀನು ಮಾತ್ರ ಬಾ ಅಂದ್ನೋ, ನೀನು ಮಾತ್ರ ಬರ್ಬೇಡ ಅಂದ್ನೋ? ನಾನು ಇಲ್ಲಿಗೆ ಬರಬಾರದಿತ್ತೇನೋ’ ಎಂದು ನನ್ನ ಕೈ ಹಿಡಿದುಕೊಂಡಳು. ಅಳುವುದಕ್ಕೂ ಅವಳಿಗೆ ಧೈರ್ಯ ಬರಲಿಲ್ಲ. ಅಳಬೇಡ ಎಂದೇ ಅವನು ಹೇಳಿರಬಹುದಲ್ಲ?

ರೆಕಾರ್ಡರನ್ನು ವಾಪಸು ಕೇಳಿದರೆ ‘ದೂರು ಮುಗಿಯೋವರೆಗೂ ಸಾಕ್ಷಿ ಕೊಡಲ್ಲ’ ಎಂದರು ನಿಮ್ಮವರು. ‘ಅವಳಿಗೆ’ ಎಂದರೆ ಯಾರಿಗೆ? ನಾನು ಹುಟ್ಟುವ ಮೊದಲೇ ಮಾವನನ್ನು ಬಿಟ್ಟು ಹೋದ ಅತ್ತೆಯೊಬ್ಬಳಿದ್ದಾಳೆ. ದೂರದ ಪಟ್ಟಣದಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದಾಳೆ. ಅಮ್ಮನಿಗೂ ಅವಳಿಗೂ ಮಾತು ಬಿಟ್ಟು ಒಂದು ಕಾಲವೇ ಆಗಿತ್ತು. ಅಮ್ಮ ಬಸ್ಸು ಹತ್ತಿ ಅಲ್ಲಿಗೆ ಹೊರಟಳು, ನಾನೂ ಜೊತೆಗೆ ಹೋದೆ. ಅತ್ತೆ ಯಾರದೋ ಬಿಳಿ ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿ ಹಿಡಿದು ನಮ್ಮನ್ನು ನೋಡಿದಳು. ಬನ್ನಿ ಎನ್ನಲಿಲ್ಲ.

‘ಅಣ್ಣ ಹೋಗ್ಬಿಟ್ಟ ಅತ್ತಿಗೆ’ ಎಂದಳು ಅಮ್ಮ. ‘ಹೋಗೋ ಮುಂಚೆ ನಿಮಗೆ ಏನೋ ಹೇಳು ಅಂದಿದ್ದ.’

‘ಏನು?’

‘ಗೊತ್ತಿಲ್ಲ.’

‘ಗೊತ್ತಿಲ್ಲ ಅಂತ ಹೇಳೋಕೆ ಇಷ್ಟು ದೂರ ಬಂದ್ಯಾ? ನಿಮ್ಮ ಮನೆಯವರ ಹಣೆಬರಹವೇ ಇಷ್ಟು. ಮುಖ್ಯವಾದದ್ದನ್ನ ಬಿಟ್ಟು ಬೇರೆಲ್ಲ ಹೇಳ್ತೀರಿ.’

ಅಂಗಿ ಸುಟ್ಟ ವಾಸನೆ ಬಂತು. ಅವಳು ಪೆಟ್ಟಿಗೆಯನ್ನು ಎತ್ತಿಟ್ಟು, ಕಂದುಗಟ್ಟಿದ ಜಾಗವನ್ನು ಬೆರಳಿನಿಂದ ಉಜ್ಜುತ್ತ ನಿಂತಳು. ಆಮೇಲೆ ತಲೆ ಎತ್ತದೆ ಕೇಳಿದಳು, ‘ದನಿ ಹೇಗಿತ್ತು? ಸಿಟ್ಟಿತ್ತಾ? ಅಷ್ಟಾದ್ರೂ ಹೇಳು.’

‘ಮೆತ್ತಗಿತ್ತು.’

‘ಹಾಗಾದ್ರೆ ನನ್ನ ವಿಷಯ ಅಲ್ಲ ಬಿಡು’ ಎಂದು ತೋಳಿನಿಂದ ಕಣ್ಣೊರೆಸಿಕೊಂಡಳು. ನಾವು ಬೀದಿಗಿಳಿದು ಸ್ವಲ್ಪ ದೂರ ಬಂದ ಮೇಲೆ ಹಿಂದಿನಿಂದ ಓಡಿಬಂದು ಅಮ್ಮನ ಭುಜ ಹಿಡಿದಳು. ‘ಏನು ಅಂತ ಗೊತ್ತಾದ್ರೆ ನಂಗೆ ಹೇಳ್ತೀಯಲ್ವಾ?’ ಅಮ್ಮ ಅದಕ್ಕೂ ಒಪ್ಪಿಕೊಂಡಳು. ಈಗ ಕಾಯುವವರು ಇಬ್ಬರು.

ಶೆಡ್ಡಿನ ಕೀಲಿಗೊಂಚಲು ಅಮ್ಮನ ದಿಂಬಿನ ಕೆಳಗಿದೆ. ಶೆಡ್ಡನ್ನು ತೆರೆಯಬೇಕೋ, ಮುಚ್ಚಬೇಕೋ, ಯಾರ ಕೈಗಾದರೂ ಕೊಡಬೇಕೋ, ಯಾರಿಗೂ ಕೊಡಬಾರದೋ? ಒಳಗೆ ಬಿಚ್ಚಿಟ್ಟ ಎಂಜಿನ್ನುಗಳು ಹಾಗೇ ಬಿದ್ದಿವೆ. ದೋಣಿಯವರು ಪಾಪ ಮರ್ಯಾದಸ್ಥರು, ಬಂದು ಬಂದು ಹೋಗುತ್ತಾರೆ. ‘ಸ್ವಲ್ಪ ತಡೀರಪ್ಪ, ಅಣ್ಣ ಏನು ಹೇಳಿದ್ದ ಅಂತ ತಿಳೀಲಿ’ ಎನ್ನುತ್ತಾಳೆ. ಅವರು ನನ್ನ ಮುಖ ನೋಡುತ್ತಾರೆ. ನಾನು ನೆಲ ನೋಡುತ್ತೇನೆ.

ಇನ್ನು ಸಂಜೆಗಳ ವಿಷಯ. ಅಮ್ಮ ಈಗಲೂ ದೀಪ ಹಾಕುವ ಹೊತ್ತಿಗೆ ರೇಡಿಯೋ ಹಾಕುತ್ತಾಳೆ. ಮೊದಮೊದಲು ಅಭ್ಯಾಸಬಲ ಎಂದುಕೊಂಡೆ. ಒಂದು ದಿನ ಪಕ್ಕದಲ್ಲಿ ಕೂತಾಗ ತಿಳಿಯಿತು. ಅವಳು ಮೀಟರಿನ ಸದ್ದನ್ನೇ ಕೇಳುತ್ತಿದ್ದಾಳೆ. ‘ಇದರ ಕೆಳಗೇ ಇದ್ದಾನೆ ಕಣೇ’ ಎಂದಳು, ನೆಲಮಾಳಿಗೆಯಲ್ಲಿ ಯಾರೋ ಇದ್ದಾರೆ ಎಂಬಷ್ಟು ಸಹಜವಾಗಿ. ‘ಆವತ್ತೂ ಇದರ ಕೆಳಗೇ ಇದ್ದ. ಮಾತಾಡ್ತಾನೇ ಇದ್ದ. ನನಗೆ ಕೇಳಿಸ್ಲಿಲ್ಲ ಅಷ್ಟೆ.’ ಅವಳಿಗೆ ತಲೆ ಕೆಟ್ಟಿಲ್ಲ ಸ್ವಾಮಿ. ಅಣ್ಣ ಸತ್ತಿದ್ದಾನೆ ಎಂಬುದು ಚೆನ್ನಾಗಿ ಗೊತ್ತು. ಹಗಲೆಲ್ಲ ಗೊತ್ತಿರುತ್ತದೆ.

ಒಂದು ಸಂಜೆ ಅವಳು ಹಾಗೆ ಕೂತಿದ್ದಾಗ ಕರೆಂಟು ಹೋಯಿತು. ನಿಮ್ಮ ಮೀಟರು ಕಣ್ಣು ಮುಚ್ಚಿತು. ನಮ್ಮ ರೇಡಿಯೋ ಬ್ಯಾಟರಿಯ ಮೇಲೆ ನಡೆಯುವುದರಿಂದ ಅದು ಮಾತ್ರ ಎಚ್ಚರವಾಗಿತ್ತು. ಅಷ್ಟು ದಿನಗಳ ನಂತರ ಮೊದಲ ಬಾರಿ, ಸದ್ದು ಪೂರ್ತಿ ನಿಂತಿತು. ಕತ್ತಲಾಗುತ್ತಿದ್ದ ಕೋಣೆಯಲ್ಲಿ ತಿಳಿಯಾದ, ಮೆಲ್ಲಗೆ ಉಸಿರಾಡುವ ಖಾಲಿ ಗಾಳಿ. ಅಮ್ಮ ಗುಂಡಿ ಒತ್ತಿ ‘ಅಣ್ಣಾ’ ಎಂದಳು. ಬಿಟ್ಟಳು. ಕಾದಳು. ಸದ್ದಿನ ಕೆಳಗೆ ಯಾರೂ ಇರಲಿಲ್ಲ. ಅವಳು ಅವನಿಗಾಗಿ ಅತ್ತದ್ದು ಆವಾಗಲೇ, ಮೊದಲ ಸಲ, ಬಿಕ್ಕಿ ಬಿಕ್ಕಿ. ಅಷ್ಟರಲ್ಲಿ ಕರೆಂಟು ಬಂತು, ಮೀಟರು ಮತ್ತೆ ಕರ್‍ರ್ ಎಂದಿತು. ಅಮ್ಮ ಮೂಗೊರೆಸಿಕೊಂಡು ‘ಸದ್ಯ, ಬಂತು’ ಎಂದಳು. ಅಷ್ಟು ದಿನ ನಾನು ದ್ವೇಷಿಸಿದ ಸದ್ದಿಗೆ ನನ್ನ ಅಮ್ಮ ಸಮಾಧಾನದ ಉಸಿರು ಬಿಟ್ಟದ್ದನ್ನು ನೋಡಿ ನಾನು ಹೊರಗೆ ಹೋಗಿ ನಿಂತುಬಿಟ್ಟೆ.

ಆದ್ದರಿಂದಲೇ, ಕೊನೆಗೂ ನಿಮ್ಮವರು ಮೀಟರನ್ನು ಮನೆಯ ಆಚೆ ಮೂಲೆಗೆ ಸರಿಸಲು ಏಣಿ ಹೊತ್ತು ಬಂದಾಗ ಅಮ್ಮ ಅಡ್ಡ ನಿಂತಳು. ‘ಗ್ರಾಹಕರು ಸಹಕರಿಸಲಿಲ್ಲ’ ಎಂದು ನೀವು ಬರೆದುಕೊಂಡಿದ್ದೀರಂತೆ. ಸರಿಯಾಗಿಯೇ ಬರೆದಿದ್ದೀರಿ. ಮೀಟರು ಅಲ್ಲೇ ಇರಲಿ. ಅದನ್ನು ತೆಗೆಯಿರಿ ಎಂದು ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ.

ಬರೆಯುತ್ತಿರುವುದು ಕಳೆದ ವಾರ ನಿಮ್ಮಿಂದ ಬಂದ ಉತ್ತರಕ್ಕಾಗಿ. ಅದರ ಮಾತುಗಳನ್ನು ಇದ್ದ ಹಾಗೆಯೇ ಇಳಿಸುತ್ತೇನೆ: ‘ಅರ್ಜಿದಾರರು ಸಲ್ಲಿಸಿದ ಧ್ವನಿಮುದ್ರಣವನ್ನು ಕೆಳಗೆ ಸಹಿ ಮಾಡಿದವರು ಖುದ್ದಾಗಿ ಆಲಿಸಲಾಗಿ, ಅದರಲ್ಲಿನ ಮಾತುಕತೆಯು ಆದ್ಯಂತ ಸ್ಪಷ್ಟವಾಗಿ ಕೇಳಿಸುತ್ತಿದ್ದು, ಮೀಟರಿನಿಂದ ಅಡಚಣೆ ಉಂಟಾಗಿರುವುದು ಸಾಬೀತಾಗಿರುವುದಿಲ್ಲ. ಆದ್ದರಿಂದ ದೂರನ್ನು ಮುಕ್ತಾಯಗೊಳಿಸಿ, ಸದರಿ ಧ್ವನಿಮುದ್ರಣವನ್ನು ನಿಯಮಾನುಸಾರ ನಾಶಪಡಿಸಲಾಗಿದೆ.’ ಕೆಳಗೆ ಸಹಿ ಮಾಡಿದವರು ನೀವು.

ಆದ್ಯಂತ! ಸ್ಪಷ್ಟವಾಗಿ! ಖುದ್ದಾಗಿ! ಮಾನ್ಯರೇ, ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಗೋಡೆಯ ಮೇಲಿನ ಕೊನೆಯ ಸಾಲು ಕಾಣದಿದ್ದರೂ ಕತ್ತು ಮುಂದಕ್ಕೆ ಚಾಚಿ ‘ಕಾಣ್ತಿದೆ ಕಾಣ್ತಿದೆ’ ಎನ್ನುವವರನ್ನು ದಿನಾ ನೋಡುತ್ತೇನೆ. ನಾನು ಜಗಳ ಆಡುವುದಿಲ್ಲ. ‘ಹಾಗಾದ್ರೆ ಓದಿ’ ಎನ್ನುತ್ತೇನೆ. ನಿಮಗೂ ಅಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ಆದರೆ ನಿಮ್ಮ ಪತ್ರವನ್ನು ನಾನು ಅಮ್ಮನಿಗೆ ಓದಿ ಹೇಳಿಬಿಟ್ಟೆ.

‘ಆದ್ಯಂತ ಅಂದ್ರೆ ಮೊದಲಿಂದ ಕೊನೇವರೆಗೂ ತಾನೇ?’ ಎಂದಳು.

‘ಹೌದಮ್ಮ.’

‘ಇನ್ನೊಂದ್ಸಲ ಓದು.’ ಓದಿದೆ. ಅವಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ‘ನೋಡಿದ್ಯಾ! ನನ್ನ ಕಿವಿಯೇ ಕೆಟ್ಟಿರೋದು. ಯಾರಿಗೋ ಒಬ್ಬರಿಗೆ ಪೂರ್ತಿ ಕೇಳಿಸಿದೆ. ಅವನ ಮಾತು ಸುಮ್ನೆ ಹೋಗಿಲ್ಲ.’ ಎಷ್ಟೋ ದಿನದ ಮೇಲೆ ತಟ್ಟೆ ತುಂಬ ಉಂಡಳು. ಅತ್ತೆಗೆ ಫೋನ್ ಮಾಡಿ ‘ಇನ್ನೇನು ಗೊತ್ತಾಗತ್ತೆ’ ಎಂದಳು. ನಿಮ್ಮ ಕಚೇರಿಗೆ ನಾವು ಎಷ್ಟು ಸಲ ಬಂದೆವು ಎಂದು ನಿಮ್ಮ ಬಾಗಿಲಲ್ಲಿ ಕೂರುವವನನ್ನು ಕೇಳಿ. ಸಾಹೇಬರು ಸಭೆಯಲ್ಲಿದ್ದಾರೆ, ಸಾಹೇಬರು ಊಟಕ್ಕೆ ಹೋಗಿದ್ದಾರೆ, ಸಾಹೇಬರು ರಜೆಯಲ್ಲಿದ್ದಾರೆ. ಅಮ್ಮ ಬೇಸರಪಡಲಿಲ್ಲ. ‘ದೊಡ್ಡ ಹುದ್ದೆ, ಬಿಡುವು ಬೇಡ್ವಾ? ಅವರೇ ಬರ್ತಾರೆ’ ಎನ್ನುತ್ತಾಳೆ. ಮುಂದಿನ ಕೋಣೆಯಲ್ಲಿ ನಿಮಗೊಂದು ಕುರ್ಚಿ ಒರೆಸಿಟ್ಟಿದ್ದಾಳೆ.

ಕಚೇರಿಗಳಲ್ಲಿ ಇಂಥ ವಾಕ್ಯಗಳು ಹೇಗೆ ಹುಟ್ಟುತ್ತವೆ ಎಂಬುದು ನನಗೆ ಗೊತ್ತು. ಕೇಳದೆಯೇ ಕೇಳಿದೆ ಎಂದು ಬರೆಯುತ್ತಾರೆ, ಏಕೆಂದರೆ ಹಾಗೆ ಬರೆದರೆ ಕಡತ ಮುಚ್ಚುತ್ತದೆ. ಅಮ್ಮನೂ ಕೇಳಿಸದೆ ಕೇಳಿಸಿತು ಎಂದಳು, ಒಪ್ಪುತ್ತೇನೆ. ಅವಳು ಹಾಗೆಂದದ್ದು ಅಣ್ಣನ ಮನಸ್ಸು ನೋಯದಿರಲಿ ಎಂದು, ಮತ್ತು ಅದಕ್ಕಾಗಿ ದಿನವೂ ಬೇಯುತ್ತಿದ್ದಾಳೆ. ನೀವು ಯಾರ ಮನಸ್ಸು ನೋಯದಿರಲಿ ಎಂದು ಹಾಗೆಂದಿರಿ? ಮೀಟರಿನದೇ?

ನನ್ನ ಬೇಡಿಕೆ ಇಷ್ಟೇ. ನಮ್ಮ ಮನೆಗೆ ಬನ್ನಿ. ನೀವು ನಿಜವಾಗಿಯೂ ಕೇಳಿದ್ದರೆ, ನನ್ನ ಮಾವ ಏನೆಂದ ಎಂಬುದನ್ನು ಬಲ್ಲವರು ಈ ಭೂಮಿಯ ಮೇಲೆ ಈಗ ನೀವೊಬ್ಬರೇ. ಅದನ್ನು ಅಮ್ಮನ ಎದುರು ಕೂತು ಹೇಳಿ. ಎಷ್ಟೇ ಕಷ್ಟದ ಕೆಲಸವಾಗಿದ್ದರೂ ಅವಳು ಮಾಡುತ್ತಾಳೆ. ಏನನ್ನಾದರೂ ಕಟ್ಟಿ ಹೇಳಿದರಾಯಿತು ಎಂದು ಮಾತ್ರ ಬರಬೇಡಿ. ಬದುಕಿಡೀ ಬೇರೆಯವರ ದನಿ ಕೇಳಿದವಳು ಅವಳು, ಸುಳ್ಳಿನ ದನಿ ಮೊದಲ ಮಾತಿಗೇ ಗೊತ್ತಾಗುತ್ತದೆ. ಅದಕ್ಕೇ ನಾನೂ ಕಟ್ಟಿ ಹೇಳಲಿಲ್ಲ.

ನೀವು ಕೇಳಿಯೇ ಇಲ್ಲದಿದ್ದರೆ, ಆಗಲೂ ಬನ್ನಿ. ಬಂದು ‘ನಾನು ಕೇಳಲಿಲ್ಲಮ್ಮ, ಸುಮ್ಮನೆ ಬರೆದೆ’ ಎಂದು ಅವಳ ಮುಖ ನೋಡಿ ಹೇಳಿ. ಅಮ್ಮನಿಗೆ ಈಚೆಗೆ ಸಣ್ಣ ಅಕ್ಷರ ಕಾಣುವುದಿಲ್ಲ, ಪತ್ರಿಕೆಯನ್ನು ನಾನೇ ಓದಿ ಹೇಳುವುದು. ಈ ಪುಟವನ್ನು ಓದಿ ಹೇಳುವುದಿಲ್ಲ. ಯಾರಿಗೂ ಏನೂ ಕೇಳಿಸಿಲ್ಲ ಎಂದು ಅವಳಿಗೆ ಹೇಳಲು ನನಗೆ ಬಾಯಿ ಬರುತ್ತಿಲ್ಲ. ಸಹಿ ಹಾಕಿದವರು ನೀವು, ಅದನ್ನು ನೀವೇ ಹೇಳಬೇಕು.

ಇಂತಿ,
‘ತಮ್ಮ ವಿಶ್ವಾಸಿ’ ಎಂದು ಬರೆಯಲು ಕೈ ಬಾರದ,
ಅಮ್ಮನನ್ನು ಇನ್ನೂ ಕಾಯಲು ಬಿಟ್ಟಿರುವ ಮಗಳು